ಸಂಪಿನ ತಳಕ್ಕೆ ಗಾಳಿ: ಬ್ಲೋವರ್ ಪೆಟ್ಟಿಗೆಯ ನಾಲ್ಕನೇ ವಾರ

ಕಳೆದ ವಾರ ಬರೆದದ್ದರಲ್ಲಿ ಒಂದು ತಪ್ಪಿತ್ತು. ಸಂಪಿಗೆ ಇಳಿಯುವ ಮುನ್ನ ಬ್ಲೋವರನ್ನು, ಅಂದರೆ ಗಾಳಿ ಊದುವ ಯಂತ್ರವನ್ನು, ಸಂಪಿನ ಬಾಯಿಗಿಟ್ಟು ಅರ್ಧ ಗಂಟೆ ಓಡಿಸಿದರೆ ಸಾಕು ಎಂದಿದ್ದೆ. ಸಾಲದು.

ರವಿವಾರ ವಿಜಯಪುರದಲ್ಲೇ ಒಂದು ಹಳೆಯ ಮನೆಯ ಕೆಲಸ. ಸಂಪು ಎಂಟು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಆಳ. ಬಹಳ ದಿನ ಮುಚ್ಚಿಟ್ಟದ್ದು, ತಳದಲ್ಲಿ ಬೇವಿನೆಲೆ ಕೊಳೆತ ರಾಡಿ. ಪಂಪು ನೀರು ಹೀರುವ ಪೈಪಿನ ತುದಿಯ ಫುಟ್ ವಾಲ್ವ್ ಬದಲಿಸಬೇಕಿತ್ತು. "ಐದು ನಿಮಿಷದ ಕೆಲಸ, ಇಳಿದುಬಿಡಿ" ಎಂದರು ಯಜಮಾನರು.

ಗ್ಯಾಸ್ ಮೀಟರಿನ ನಳಿಕೆ ಇಳಿಬಿಟ್ಟೆ. ಆಮ್ಲಜನಕ ಬಾಯಿಯ ಬಳಿ 20.9 ಶೇಕಡಾ, ನಡುವೆ 20.2, ತಳದಲ್ಲಿ 17.8. 19.5ಕ್ಕಿಂತ ಕೆಳಗಿದ್ದರೆ ಇಳಿಯುವ ಮಾತೇ ಇಲ್ಲ. ಬಿದಿರುಗೋಲಿನಿಂದ ರಾಡಿ ಕಲಕಿದೆ. ಅಲ್ಲಿಯವರೆಗೆ ಸೊನ್ನೆ ತೋರಿಸುತ್ತಿದ್ದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ 14 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 14 ಭಾಗ) ಜಿಗಿದು ಮೀಟರ್ ಕೂಗಿಕೊಂಡಿತು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೇಲೆ ಬರೋಣ ಎನ್ನುವವರಿದ್ದಾರೆ. ಸುಮಾರು 100 ಪಿಪಿಎಂ ದಾಟಿದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ಮಾಯವಾಗುತ್ತದೆ. ಆಗ ಗಾಳಿ ಶುದ್ಧವಾಯಿತೆಂದುಕೊಂಡರೆ ಮುಗಿಯಿತು.

ಬ್ಲೋವರ್ ಅರ್ಧ ಗಂಟೆ ಓಡಿದ ಮೇಲೂ ತಳದಲ್ಲಿ 18.3. ಗಾಳಿ ಮೇಲ್ಮೇಲೆ ಸುತ್ತಿ ಹೊರಬರುತ್ತಿತ್ತು. ನಾಲ್ಕಿಂಚಿನ ಪೈಪು ಜೋಡಿಸಿ, ತುದಿಯನ್ನು ರಾಡಿಗಿಂತ ಒಂದಡಿ ಮೇಲೆ ನಿಲ್ಲಿಸಿದೆ. ಸಂಪಿನಲ್ಲಿ 288 ಘನ ಅಡಿ ಗಾಳಿ. ಏಳು ಸಲ ಬದಲಾಗಲು ಸುಮಾರು 2000 ಘನ ಅಡಿ ಬೇಕು. ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 200 ಎಂದಿದ್ದರೂ ಪೈಪು, ಬೆಂಡುಗಳಲ್ಲಿ ಅರ್ಧ ಸೋರಿಹೋಯಿತೆಂದೇ ಹಿಡಿದು ಇಪ್ಪತ್ತು ನಿಮಿಷ ಓಡಿಸಿದೆ. 20.8!

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಕರೆಂಟು ಹೋಯಿತು, ಯಜಮಾನರು ಜನರೇಟರ್ ಹಚ್ಚಿದರು. ಮೀಟರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ 40 ಪಿಪಿಎಂ. ಜನರೇಟರಿನ ಹೊಗೆಯನ್ನೇ ನನ್ನ ಬ್ಲೋವರ್ ಹೀರಿ ಸಂಪಿಗೆ ತುಂಬುತ್ತಿತ್ತು. ಈಗ ಹೀರುವ ಬಾಯಿಗೂ ಹದಿನೈದು ಅಡಿ ಪೈಪು ಹಾಕಿದ್ದೇನೆ, ಗಾಳಿ ಬೀಸುವ ದಿಕ್ಕು ನೋಡಿ ಇಡುತ್ತೇನೆ. ತೊರವಿಯಿಂದ ಊರಿಗೆ ನೀರು ತಂದ ಆದಿಲಶಾಹಿ ಕಾಲದ ಸುರಂಗಕ್ಕೆ ಉದ್ದಕ್ಕೂ ನೆಲದ ಮೇಲಕ್ಕೆ ತೆರೆಯುವ ಬಾವಿಯಂಥ ಬಾಯಿಗಳನ್ನು ಬಿಟ್ಟದ್ದು ನೆನಪಾಯಿತು. ಅವರ ಬಳಿ ಮೀಟರಿರಲಿಲ್ಲ, ಜನರೇಟರೂ ಇರಲಿಲ್ಲ.

ಮೇಲೆ ಕಾವಲಿಗಿದ್ದ ಅಳಿಯ ಕೇಳಿದ: "ಮಾಮಾ, ನೀವು ಒಳಗೆ ಬಿದ್ದರೆ ನಾನು ಇಳಿಯಲೇ?"

"ಇಳಿಯಬೇಡ. ಹಗ್ಗ ಎಳೆ, ಜನರನ್ನು ಕೂಗು."

ಎಳೆಯುತ್ತಾನೋ ನೋಡೋಣವೆಂದು ಐವತ್ತು ಕಿಲೋ ಮರಳಿನ ಚೀಲ ಕಟ್ಟಿ ಇಳಿಸಿದೆ. ಮೂರಡಿ ಎತ್ತಿ ನಿಂತುಬಿಟ್ಟ. ನನ್ನ ತೂಕ ಎಪ್ಪತ್ತೆರಡು.

ಆದ್ದರಿಂದ ಅಂದು ಇಳಿಯಲೇ ಇಲ್ಲ. ಮೇಲಿನ ಯೂನಿಯನ್, ಅಂದರೆ ಪೈಪಿನ ಬಿಚ್ಚುವ ಜೋಡಣೆ, ಬಿಚ್ಚಿ ನೀರು ಹೀರುವ ಸಕ್ಷನ್ ಪೈಪನ್ನೇ ಪೂರ್ತಿ ಹೊರಗೆಳೆದು, ಅಂಗಳದಲ್ಲೇ ಹೊಸ ವಾಲ್ವ್ ಕೂರಿಸಿ ಮತ್ತೆ ಇಳಿಸಿದೆವು. ಪೈಪು ಅಂಟಿಸುವ ಸಾಲ್ವೆಂಟ್ ಸಿಮೆಂಟೂ ಹೊರಗಿನ ಗಾಳಿಯಲ್ಲೇ ಒಣಗಿತು. ಅದರ ಆವಿ ಬೆಂಕಿ ಹಿಡಿಯುವಂಥದ್ದು, ಸಂಪಿನಂಥ ಜಾಗದಲ್ಲಿ ತಳಕ್ಕೆ ಕೂರುತ್ತದೆ. ರಾಡಿಯನ್ನು ಪಂಪಿನಿಂದ ತೆಗೆಸಲು ಹೇಳಿದ್ದೇನೆ.

ಮುಂದಿನ ವಾರ ವಿಂಚ್ (ಹಗ್ಗ ಸುತ್ತಿ ಎತ್ತುವ ರಾಟೆ) ಇರುವ ಮೂರು ಕಾಲಿನ ಸ್ಟ್ಯಾಂಡು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಆಸೆ ಬಿಟ್ಟೆ. ಮನುಷ್ಯರನ್ನು ಎತ್ತಲೆಂದೇ ಪರೀಕ್ಷಿಸಿ ಮಾರುವುದನ್ನೇ ಕೊಳ್ಳುತ್ತೇನೆ. ಬೆಲೆ ಕೇಳಿ ಬಂದಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.