ಇಂಜಿನ್ ಸದ್ದು ಎಲ್ಲಿಂದ ಅಂತಲ್ಲ, ಯಾವಾಗ ಅಂತ ಕೇಳಿ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಪರವಾಗಿ ಗಾಡಿ ಪರೀಕ್ಷೆ ಮಾಡಿಕೊಡುವುದು ನನ್ನ ಕೆಲಸ. ಮಾರುವವರಿಗೆ ಮೊದಲೇ ಹೇಳಿರುತ್ತೇನೆ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಆದರೂ ಬಾನೆಟ್ ಮೇಲೆ ಕೈ ಇಟ್ಟರೆ ಕೆಲವೊಮ್ಮೆ ಬೆಚ್ಚಗಿರುತ್ತದೆ. 'ಸುಮ್ನೆ ಸ್ವಲ್ಪ ಹೊತ್ತು ಆನ್ ಮಾಡಿದ್ದೆ' ಅನ್ನುತ್ತಾರೆ. ಇನ್ನೊಂದು ದಿನ ಬರುತ್ತೇನೆ ಅಂತ ಹೊರಟುಬಿಡುತ್ತೇನೆ. ಎಲ್ಲರೂ ಮೋಸಕ್ಕೇ ಹಾಗೆ ಮಾಡುತ್ತಾರೆ ಅಂತಲ್ಲ. ಬಿಸಿ ಇಂಜಿನ್ ಅರ್ಧ ವಿಷಯವನ್ನು ಮುಚ್ಚಿಡುತ್ತದೆ, ಅಷ್ಟೇ.

ರಾತ್ರಿಯಿಡೀ ನಿಂತ ಇಂಜಿನ್‌ನಲ್ಲಿ ಆಯಿಲ್ ಕೆಳಗಿಳಿದಿರುತ್ತದೆ. ಸ್ಟಾರ್ಟ್ ಆದಾಗ ಅದು ಮೇಲೆ ಹತ್ತಲು ಒಂದೆರಡು ಸೆಕೆಂಡ್ ಬೇಕು. ಆ ಹೊತ್ತಿಗೆ ನನ್ನ ಕಿವಿ ಬಾನೆಟ್ ಹತ್ತಿರ ಇರಬೇಕು. ಮೇಲ್ಗಡೆ ಸಣ್ಣಗೆ ಟಿಕ್ ಟಿಕ್ ಅಂದು ನಿಂತರೆ ಅದು ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಒತ್ತಡದಿಂದ ವಾಲ್ವ್‌ನ ಸಂದು ಸರಿಮಾಡುವ ಸಣ್ಣ ಭಾಗ) ಇರಬಹುದು. ಅದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಜಿನ್‌ನ ಒಂದು ತುದಿಯಿಂದ ಗರಗರ ಅಂತ ಬಂದು ನಿಂತರೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಮೇಲೆ ಅನುಮಾನ. ಅದನ್ನು ಬಿಗಿಯಾಗಿಡುವ ಟೆನ್ಷನರ್ ಸಾಮಾನ್ಯವಾಗಿ ಕೆಲಸ ಮಾಡುವುದು ಆಯಿಲ್ ಪ್ರೆಷರ್‌ನಿಂದ. ಚೈನ್ ಬದಲಿಸಲು ಇಂಜಿನ್ ಸಾಕಷ್ಟು ಬಿಚ್ಚಬೇಕು, ಹಾಗಾಗಿ ಇದನ್ನು ರಿಪೋರ್ಟ್‌ನಲ್ಲಿ ಮೊದಲ ಸಾಲಿಗೇ ಬರೆಯುತ್ತೇನೆ.

ಕೆಲವು ಸದ್ದುಗಳು ಬಿಸಿಯಾದಂತೆ ಕಡಿಮೆಯಾಗುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಹೊರತರುವ ಕೊಳವೆ) ಸೋರುತ್ತಿದ್ದರೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳಬಹುದು. ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವ ಸದ್ದೂ ಹಾಗೆಯೇ. ನನಗೆ ಭಯ ಇರುವುದು ಉಲ್ಟಾ ಆಗುವ ಸದ್ದಿನ ಬಗ್ಗೆ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ (ಇಂಜಿನ್‌ನ ಕೆಳಗಡೆ ತಿರುಗುವ ಮುಖ್ಯ ದಂಡ) ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದಿದ್ದರೆ, ಬಿಸಿಯಾಗಿ ಆಯಿಲ್ ತೆಳುವಾದಂತೆ ಕೆಳಗಡೆಯಿಂದ ದಪ್ಪನೆಯ ಡಬ್ ಡಬ್ ಜೋರಾಗುತ್ತದೆ. ಅದಕ್ಕೇ ರೋಡ್ ಟೆಸ್ಟ್ ಮುಗಿದ ಮೇಲೆ ಮತ್ತೆ ಬಾನೆಟ್ ತೆಗೆಯುತ್ತೇನೆ. ಅನುಮಾನ ಬಂದರೆ ಒಂದೊಂದೇ ಸಿಲಿಂಡರ್‌ನ ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ) ಕನೆಕ್ಟರ್ ತೆಗೆದು ಕೇಳುತ್ತೇನೆ, ಆಗ ಆ ಸಿಲಿಂಡರ್‌ನಲ್ಲಿ ಇಂಧನ ಉರಿಯುವುದಿಲ್ಲ. ಭಾರ ಇಳಿದಾಗ ಸದ್ದು ತಗ್ಗಿದರೆ ತೊಂದರೆ ಆ ಸಿಲಿಂಡರ್‌ನಲ್ಲೇ. ಪೆಟ್ರೋಲ್ ಗಾಡಿಯಲ್ಲಿ ಕಿಡಿ ಕೊಡುವ ಕಾಯಿಲ್‌ನ ಕನೆಕ್ಟರ್ ಕೀಳುವವರೂ ಇದ್ದಾರೆ, ನನಗೆ ಇಷ್ಟವಿಲ್ಲ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಹಾಳು ಮಾಡಬಹುದು.

ಸದ್ದಿನ ವೇಗವೂ ಸುಳಿವು ಕೊಡುತ್ತದೆ. ಮೇಲ್ಗಡೆ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ. ಐಡಲ್ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) 800 ಆರ್‌ಪಿಎಂ ಇದ್ದರೆ ಕ್ರ್ಯಾಂಕ್ ಸೆಕೆಂಡಿಗೆ 13 ಸುತ್ತು, ಕ್ಯಾಮ್ ಆರೇಳು ಸುತ್ತು. ಅಷ್ಟು ವೇಗವನ್ನು ಎಣಿಸಲು ಆಗುವುದಿಲ್ಲ ನಿಜ, ಆದರೆ ನಿಧಾನವೋ ಅವಸರವೋ ಅಂತ ಕಿವಿಗೆ ಗೊತ್ತಾಗುತ್ತದೆ. ನಿಧಾನವಾದರೆ ಮೇಲಿನ ಕ್ಯಾಮ್ ಕಡೆ, ಅವಸರವಾದರೆ ಕೆಳಗಿನ ಕ್ರ್ಯಾಂಕ್ ಕಡೆ ಇರಬಹುದು.

ಉದ್ದ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೆ ಒತ್ತಿ ಹುಡುಕುವುದು ಹಳೆಯ ಪದ್ಧತಿ, ನಾನೂ ಮಾಡುತ್ತೇನೆ. ಆದರೆ ಕೊನೆಗೆ. ಲೋಹ ಸದ್ದನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ, ಕೆಳಗಿನ ಬಡಿತ ಮೇಲಿನ ಕವರ್‌ನಲ್ಲೂ ಕೇಳಿಸುತ್ತದೆ. ತಿರುಗುವ ಬೆಲ್ಟ್ ಪಕ್ಕ ಸ್ಕ್ರೂಡ್ರೈವರ್ ಒಯ್ಯಲೇಬೇಡಿ.

ಉಳಿದವು ಸುಲಭ. ಕೀಚ್ ಅನ್ನುವ ಬೆಲ್ಟ್‌ಗೆ ಸ್ವಲ್ಪ ನೀರು ಚಿಮುಕಿಸಿ, ಸದ್ದು ಬದಲಾದರೆ ಬೆಲ್ಟ್ ಕಡೆಯೇ ನೋಡಿ. ಕ್ಲಚ್ ಒತ್ತಿದಾಗ ನಿಲ್ಲುವ ಸದ್ದು ಗೇರ್‌ಬಾಕ್ಸ್ ಕಡೆಯದು, ಒತ್ತಿದಾಗ ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಓಡುವಾಗ ನ್ಯೂಟ್ರಲ್ ಮಾಡಿದರೂ ಗಾಡಿಯ ವೇಗದ ಜೊತೆಗೇ ಹಾಡುವ ಸದ್ದು ಇಂಜಿನ್‌ನದ್ದೇ ಅಲ್ಲ, ಚಕ್ರದ ಕಡೆಯದು. ಯಾವುದೋ ಒಂದು ಆರ್‌ಪಿಎಂನಲ್ಲಿ ಮಾತ್ರ ಜಣಜಣ ಅಂದರೆ ಮೊದಲು ಹೀಟ್ ಶೀಲ್ಡ್ (ಎಕ್ಸಾಸ್ಟ್‌ನ ಬಿಸಿ ತಡೆಯುವ ತಗಡು) ಅಲ್ಲಾಡಿಸಿ ನೋಡಿ. ಒಂದು ಕ್ಲಿಪ್‌ನಲ್ಲಿ ಮುಗಿಯುವ ಕೆಲಸ ಇರಬಹುದು. ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ನ ಇಂಜೆಕ್ಟರ್‌ಗಳು ಟಕಟಕ ಅನ್ನುವುದು ಸಹಜ, ಅದಕ್ಕೆ ಹೆದರಿ ಒಳ್ಳೆಯ ಗಾಡಿ ಬಿಡಬೇಡಿ.

ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವವರು ಈಗ ಜಾಸ್ತಿ. ಫೋನಿನ ಮೈಕ್ ದಪ್ಪ ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ, ನನಗೆ ಅತಿ ಮುಖ್ಯವಾದದ್ದು ಅದೇ ಅಲ್ವಾ? ಆದರೂ ಕಳಿಸುವುದಾದರೆ ವಿಡಿಯೋ ಮಾಡಿ. ರಾತ್ರಿ ನಿಂತ ಗಾಡಿಯ ಮೊದಲ ಸ್ಟಾರ್ಟ್, ಆರ್‌ಪಿಎಂ ಮುಳ್ಳು ಕಾಣುವ ಹಾಗೆ. ಬಿಸಿಯಾದ ಮೇಲೆ ಇನ್ನೊಂದು.