ಎರಡನೆಯ ಆರ್ಗ್ಯುಮೆಂಟ್ ಮತ್ತು ಕಾಣೆಯಾದ 0.4 ಪಿಕ್ಸೆಲ್

ಪದಬಂಧ ಕಟ್ಟುವ ನನ್ನ ವೆಬ್ ಪುಟ ಮೂರು ಸಂಜೆಗಳಿಂದ ಒಂದೇ ಕಡೆ ನಿಂತಿತ್ತು. ಚೌಕಗಳು, ಸುಳಿವುಗಳು, ಉಳಿಸುವ ಗುಂಡಿ ಎಲ್ಲ ಮುಗಿದಿವೆ, ಹೇಳುವಂಥದ್ದೇನಿಲ್ಲ. ಕಾಡಿದ್ದು ಟ್ಯಾಬ್‌ಗಳು. ‘ಎಡದಿಂದ ಬಲಕ್ಕೆ’ ಅಚ್ಚುಕಟ್ಟಾಗಿ ಒಂದೇ ಸಾಲಿನಲ್ಲಿ ಕೂರುತ್ತಿತ್ತು. ‘ಮೇಲಿನಿಂದ ಕೆಳಕ್ಕೆ’ ಮಾತ್ರ ಹೇಳಿದ ಮಾತಿಗೆ ತಪ್ಪದೆ, ಎರಡನೆಯ ಪದವನ್ನು ಕೆಳಗಿನ ಸಾಲಿಗೆ ಇಳಿಸಿಬಿಡುತ್ತಿತ್ತು.

ಸಾಲು ಮುರಿಯದಂತೆ ತಡೆಯುವ ನೋವ್ರ್ಯಾಪ್ ಹಾಕಿದರೆ ಮುಗಿಯಿತಲ್ಲ ಎನ್ನುವವರಿಗೆ: ಹಾಕಬಹುದು. ಆದರೆ ಅಳತೆ ಏಕೆ ತಪ್ಪಿತೆಂದು ತಿಳಿಯದೆ ನನಗೆ ನಿದ್ದೆ ಬಾರದು.

ಟ್ಯಾಬಿನ ಬರಹವನ್ನು ಸುತ್ತಿರುವ ಒಳಗಿನ ಸ್ಪ್ಯಾನ್ ಅಳೆದು ಹೊರಗಿನ ಪೆಟ್ಟಿಗೆಗೆ ಅದೇ ಅಗಲ ಕೊಡುವುದು ನನ್ನ ಕ್ರಮ. ನಾನು ಬಳಸುವ ಸಿದ್ಧ ಕೋಡಿನ ಲೈಬ್ರರಿಯಲ್ಲಿ ಅಗಲ ಹೇಳುವ ಗೆಟ್‌ವಿಡ್ತ್ 118 ಎಂದಿತು. ಬ್ರೌಸರಿನ ಡೆವಲಪರ್ ಟೂಲ್ಸ್ 118.4 ಎಂದಿತು. ಗೆಟ್‌ವಿಡ್ತ್ ಒಳಗೊಳಗೇ ನಂಬಿರುವುದು ಬ್ರೌಸರಿನದೇ ಅಳತೆಯಾದ ಆಫ್‌ಸೆಟ್‌ವಿಡ್ತನ್ನು, ಅದು ಪೂರ್ಣಾಂಕವನ್ನೇ ಕೊಡುತ್ತದೆ. ಇನ್ನೊಂದು ಟ್ಯಾಬ್ 104.7 ಇದ್ದು 105 ಆಗಿ ಬಚಾವಾಗಿತ್ತು. ಅರ್ಧಕ್ಕಿಂತ ಕಡಿಮೆಯ ಚೂರು ಇದ್ದವರಿಗೆಲ್ಲ ಏಟು, ಹೆಚ್ಚಿದ್ದವರಿಗೆ ರಿಯಾಯಿತಿ!

ಬ್ರೌಸರ್ ಲೆಕ್ಕಹಾಕಿದ ಸ್ಟೈಲ್ ಹೇಳುವ ಗೆಟ್‌ಕಂಪ್ಯೂಟೆಡ್‌ಸ್ಟೈಲ್ ಕೇಳಿ ನೋಡಿದೆ. ಸಾಲಿನೊಳಗೆ ಅಕ್ಷರಗಳಂತೆ ಹರಿಯುವ ಇನ್‌ಲೈನ್ ಸ್ಪ್ಯಾನ್‌ಗೆ ಅದರ ಉತ್ತರ ‘ಆಟೋ’. ಹಾಗೆಂದರೆ ಎಷ್ಟು ಪಿಕ್ಸೆಲ್, ಸ್ವಾಮಿ?

ಜೆಕ್ವೆರಿ ಎಂಬ ಇನ್ನೊಂದು ಲೈಬ್ರರಿಯ ಔಟರ್‌ವಿಡ್ತ್‌ಗೆ ಆರ್ಗ್ಯುಮೆಂಟ್ ಆಗಿ, ಅಂದರೆ ಕರೆಯುವಾಗ ಕೊಡುವ ಬೆಲೆಯಾಗಿ, ಟ್ರೂ ಕೊಟ್ಟರೆ ಹೊರಗಿನ ಜಾಗವಾದ ಮಾರ್ಜಿನ್ ಸೇರುತ್ತದೆ. ಆ ಅಭ್ಯಾಸಬಲದಿಂದ ಇಲ್ಲಿಯೂ ಒಂದು ಟ್ರೂ ಎಸೆದೆ. ಬಂದದ್ದು 102. ಈ ಲೈಬ್ರರಿಯಲ್ಲಿ ಟ್ರೂ ಎಂದರೆ ಒಳಗಿನ ಖಾಲಿ ಜಾಗವಾದ ಪ್ಯಾಡಿಂಗ್ ಮತ್ತು ಅಂಚಿನ ಬಾರ್ಡರ್ ಕಳೆ ಎಂದರ್ಥವಂತೆ. ಅಲ್ಲಿ ಕೂಡಿಸುವ ಟ್ರೂ, ಇಲ್ಲಿ ಕಳೆಯುವ ಟ್ರೂ.

ಕೊನೆಗೆ ಮೂಲ ಕೋಡ್ ತೆರೆದೆ. ಅದನ್ನು ಹುಡುಕುವುದೇ ಅರ್ಧ ಸಂಜೆ, ಏಕೆಂದರೆ ಪುಣ್ಯಾತ್ಮರು ಪ್ಯಾಕೇಜಿನಲ್ಲಿ ಮಿನಿಫೈ ಮಾಡಿ ಕುಗ್ಗಿಸಿದ ಫೈಲನ್ನಷ್ಟೇ ತುಂಬಿದ್ದರು, ಅದರಲ್ಲಿ ಎಲ್ಲರ ಹೆಸರೂ ಎ ಮತ್ತು ಬಿ. ಮೂಲದಲ್ಲಿ ಗೆಟ್‌ವಿಡ್ತ್‌ಗೆ ಆರ್ಗ್ಯುಮೆಂಟ್ ಪಡೆಯುವ ಎರಡು ಪ್ಯಾರಾಮೀಟರ್‌ಗಳಿವೆ, ಕೈಪಿಡಿಯಲ್ಲಿ ಒಂದೇ. ಎರಡನೆಯದರ ಹೆಸರು ‘ಪ್ರಿಸೈಸ್’. ಅದು ಟ್ರೂ ಆದರೆ ಆಫ್‌ಸೆಟ್‌ವಿಡ್ತ್ ಬಿಟ್ಟು ಬ್ರೌಸರಿನ ಇನ್ನೊಂದು ಅಳತೆಯಾದ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಕರೆಯುತ್ತದೆ, ಉತ್ತರ ದಶಮಾಂಶ ಸಮೇತ. ಇಷ್ಟು ಒಳ್ಳೆಯ ಕೆಲಸ ಮಾಡಿ ಅದನ್ನು ಬಚ್ಚಿಟ್ಟ ಪುಣ್ಯಕ್ಕೆ ಏನೆನ್ನಲಿ!

ಮೊದಲನೆಯದಕ್ಕೆ ಫಾಲ್ಸ್, ಎರಡನೆಯದಕ್ಕೆ ಟ್ರೂ ಕೊಟ್ಟೆ. 118.4 ಬಂತು. ‘ಕೆಳಕ್ಕೆ’ ಮೇಲೆ ಬಂತು.

ಸಂಭ್ರಮ ಹತ್ತು ನಿಮಿಷ ಬಾಳಿತು. ಟ್ಯಾಬ್‌ಗಳಿರುವ ಫಲಕ 0.9 ಸ್ಕೇಲಿನಿಂದ ಹಿಗ್ಗುತ್ತ ತೆರೆಯುವ ಅನಿಮೇಷನ್ ಮರಳಿ ಹಾಕಿದೊಡನೆ ಎಲ್ಲ ಟ್ಯಾಬ್‌ಗಳೂ ಮುರಿದವು, ಸಾಧುವಾಗಿದ್ದ ‘ಎಡದಿಂದ ಬಲಕ್ಕೆ’ ಕೂಡ. ಅಳತೆ 106.56. ಹಿಗ್ಗಿಸಿ ಕುಗ್ಗಿಸುವ ಟ್ರಾನ್ಸ್‌ಫಾರ್ಮ್ ಆದ ಮೇಲೆ ತೆರೆಯ ಮೇಲೆ ಎಷ್ಟು ಕಾಣುತ್ತದೋ ಅಷ್ಟನ್ನೇ ಈ ನಿಖರ ವಿಧಾನ ಹೇಳುತ್ತದೆ. ನಾನು ಬೈದ ಆಫ್‌ಸೆಟ್‌ವಿಡ್ತ್‌ಗೆ ಸ್ಕೇಲಿನ ಗೊಡವೆಯೇ ಇಲ್ಲ. ಅನಿಮೇಷನ್ ಕ್ಲಾಸ್ ಸೇರಿಸುವ ಮೊದಲೇ ಅಳೆಯುವಂತೆ ಎರಡು ಸಾಲು ಅದಲುಬದಲು ಮಾಡಿದೆ, ಅಷ್ಟೇ. ಕೈಪಿಡಿಯಲ್ಲಿಲ್ಲದ ಪ್ಯಾರಾಮೀಟರ್ ಮುಂದಿನ ಆವೃತ್ತಿಯಲ್ಲಿ ಹೇಳದೆ ಕೇಳದೆ ಮಾಯವಾದರೂ ದೂರುವಂತಿಲ್ಲ, ಹಾಗಾಗಿ ಆ ಕರೆಯನ್ನು ಒಂದೇ ಫಂಕ್ಷನ್ ಒಳಗೆ ಕೂಡಿಹಾಕಿದ್ದೇನೆ.

ಈ ನಡುವೆ ಇನ್ನೊಂದು ಹುಳ ತಲೆ ಹೊಕ್ಕಿದೆ. ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿ ಫಂಕ್ಷನ್‌ಗೂ ಲೆಂಗ್ತ್ ಇರುತ್ತದಲ್ಲ, ಘೋಷಿಸಿದ ಪ್ಯಾರಾಮೀಟರ್‌ಗಳ ಎಣಿಕೆ? ಗೆಟ್‌ವಿಡ್ತ್‌ನ ಲೆಂಗ್ತ್ ಕನ್ಸೋಲ್‌ನಲ್ಲಿ ಕೇಳಿದ್ದರೆ ಮೊದಲ ದಿನವೇ 2 ಎನ್ನುತ್ತಿತ್ತು. ಲೈಬ್ರರಿಯ ಎಲ್ಲ ಮೆಥಡ್‌ಗಳನ್ನು ಸುತ್ತಿ, ಕೈಪಿಡಿಯ ಲೆಕ್ಕಕ್ಕೆ ತಾಳೆ ನೋಡುವ ಸ್ಕ್ರಿಪ್ಟ್ ಬರೆಯಬೇಕು. ತೊಡಕೂ ಇದೆ: ಡೀಫಾಲ್ಟ್ ಬೆಲೆ ಇರುವ ಪ್ಯಾರಾಮೀಟರ್ ಬಂದಲ್ಲಿಗೆ ಎಣಿಕೆ ನಿಲ್ಲುತ್ತದೆ, ಘೋಷಿಸದೆ ಆರ್ಗ್ಯುಮೆಂಟ್ಸ್ ಪಟ್ಟಿಯ ಮೂಲಕ ಕದ್ದು ಓದುವವು ಲೆಕ್ಕಕ್ಕೇ ಸಿಗುವುದಿಲ್ಲ. ಪದಬಂಧ ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ ಎಂದು ಬರೆದಿಟ್ಟಿದ್ದೇನೆ. ಫೋಲ್ಡರ್ ಆಗಲೇ ತೆರೆದಾಗಿದೆ.

ಫಾಂಟ್ ತಡವಾಗಿ ಇಳಿದರೆ ಅಳತೆ ಇನ್ನೂ ಹಳೆಯ ಅಕ್ಷರಗಳದ್ದೇ ಬರುತ್ತಿದೆ. ನಾಳೆ ಫಾಂಟ್ ಇಳಿದಾಯಿತೆಂದು ತಿಳಿಸುವ ಫಾಂಟ್ಸ್ ರೆಡಿ ಪ್ರಾಮಿಸ್‌ಗೆ ಕಾಯಿಸಿ ನೋಡುತ್ತೇನೆ.