ಹೆಸರು ಕಳೆದುಕೊಂಡವನ ರೆಕಾರ್ಡಿಂಗ್

ರೇಡಿಯೋಗೆ ಅಂತ ಒಂದು ಸ್ವಗತ ಬರೆದಿದ್ದೆ. ಮೊನ್ನೆ ಅದರ ರೆಕಾರ್ಡಿಂಗ್ ಆಯ್ತು. ಕಥೆ ಅನ್ನುವಂಥದ್ದು ಅದರಲ್ಲಿ ಜಾಸ್ತಿ ಇಲ್ಲ. ಒಬ್ಬ ಬೆಳಿಗ್ಗೆ ಎದ್ದು ನೋಡಿದರೆ ಅವನ ಹೆಸರೇ ಕಳೆದುಹೋಗಿದೆ. ಕಳೆದುಹೋದ ವಸ್ತುಗಳನ್ನು ಇಟ್ಟಿರುವ ಕಚೇರಿಗೆ ಹೋಗುತ್ತಾನೆ. ಕಪಾಟಿನಲ್ಲಿ ಕೊಡೆಗಳು, ಒಂದು ಹಲ್ಲುಸೆಟ್ಟು, ಯಾರದೋ ಒಂದು ಮಂಗಳವಾರ.

'ಯಾವ ಹೆಸರು?' ಅಂತ ಗುಮಾಸ್ತ ಕೇಳುತ್ತಾನೆ.

'ಅದು ಗೊತ್ತಿದ್ದಿದ್ದರೆ ಇಲ್ಲಿಗೆ ಯಾಕೆ ಬರ್ತಿದ್ದೆ?'

'ಸರಿ, ಅರ್ಜಿ ಬರೆದುಕೊಡಿ. ಕೆಳಗೆ ಸಹಿ ಹಾಕಿ.'

ಇಲ್ಲಿಂದ ಮುಂದೆ ಅವನು ಯೋಚನೆಗೆ ಬೀಳುತ್ತಾನೆ. ಹೆಸರು ಹೋಯಿತು, ಆದರೆ ಮಂಡಿನೋವು ಹೋಗಿಲ್ಲ. ಆ ನೋವು ತನ್ನದೇ ಅಂತ ಯಾರೂ ಹೇಳದೆಯೇ ಗೊತ್ತಾಗುತ್ತಿದೆ. ಹಾಗಾದರೆ 'ನಾನು' ಅನ್ನುವುದಕ್ಕೆ ಹೆಸರು ಬೇಕಾ?

ಗುಮಾಸ್ತನ ಮಾತನ್ನು ಎರಡು ಥರ ಓದಿ ನೋಡಿದೆವು. ದನಿಯಲ್ಲಿ ಸ್ವಲ್ಪ ನಗು ಬೆರೆಸಿ ಓದಿದರೆ ಕೇಳುವವರಿಗೆ 'ಓ, ಇದು ತಮಾಷೆ' ಅಂತ ತಿಳಿದುಬಿಡುತ್ತದೆ, ಆಮೇಲೆ ಬರುವ ಪ್ರಶ್ನೆಯೂ ಅದರ ಜೊತೆಗೇ ತೇಲಿಹೋಗುತ್ತದೆ. ಮಂಡಿನೋವಿನ ಮಾತನ್ನು ಹೇಳುವ ದನಿಯಲ್ಲೇ ಸಹಿಯ ಮಾತನ್ನೂ ಹೇಳಿದಾಗ ಮಾತ್ರ ಎರಡೂ ಒಂದೇ ಕಡೆ ಹೋಗಿ ತಾಗುತ್ತವೆ. ಅಸಂಬದ್ಧ ಅನ್ನುವುದು ತತ್ವದ ಮಾತಿನ ಮಧ್ಯೆ ಬೇಜಾರಾಗದಿರಲಿ ಅಂತ ಸೇರಿಸುವ ವಸ್ತುವಲ್ಲ, ಅದೂ ಯೋಚನೆಯೇ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ರೇಡಿಯೋದಲ್ಲಿ ಮುಖ ಕಾಣಿಸುವುದಿಲ್ಲ ಅಲ್ವಾ? ನಗಬೇಕೋ ಬೇಡವೋ ಅಂತ ಸೂಚನೆ ಕೊಡುವ ಹುಬ್ಬೂ ಇಲ್ಲ, ತುಟಿಯೂ ಇಲ್ಲ. ಅಮೆರಿಕದ ಜೋ ಫ್ರಾಂಕ್ 1986ರಿಂದ ಕ್ಯಾಲಿಫೋರ್ನಿಯಾದ ಕೆಸಿಆರ್‌ಡಬ್ಲ್ಯೂ ರೇಡಿಯೋದಲ್ಲಿ ವರ್ಷಗಟ್ಟಲೆ ಮಾಡಿದ್ದು ಇದನ್ನೇ. ತಗ್ಗಿದ ದನಿ, ಹಿಂದೆ ಸುತ್ತಿ ಸುತ್ತಿ ಬರುವ ಒಂದೇ ಸಂಗೀತದ ತುಣುಕು. ಸಾವಿನ ಬಗ್ಗೆ, ದೇವರ ಬಗ್ಗೆ ಮಾತಾಡುತ್ತಿರುವಾಗಲೇ ನಂಬಲಾಗದ ಏನೋ ಒಂದು ಘಟನೆ ಅದೇ ದನಿಯಲ್ಲಿ ಬಂದುಬಿಡುತ್ತದೆ. ಕತ್ತಲಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ನಗು ಬರುವುದು ತುಂಬಾ ತಡವಾಗಿ.

'ಸಹಿ ಹಾಕಿ' ಆದಮೇಲೆ ನನಗೆ ದೊಡ್ಡದೊಂದು ಮೌನ ಬೇಕಿತ್ತು. ಅಲ್ಲೇ ತಕರಾರು ಬಂತು. ಎಷ್ಟೋ ರೇಡಿಯೋ ಕೇಂದ್ರಗಳಲ್ಲಿ ಸದ್ದು ನಿಂತದ್ದನ್ನು ಪತ್ತೆಹಚ್ಚುವ ಯಂತ್ರ ಇರುತ್ತದೆ. ನಿಗದಿ ಮಾಡಿದಷ್ಟು ಹೊತ್ತು ಏನೂ ಕೇಳದಿದ್ದರೆ ಪ್ರಸಾರ ಕೆಟ್ಟಿದೆ ಅಂತ ಅಲಾರಂ ಹೊಡೆಯುತ್ತದೆ, ಇಲ್ಲವೇ ತಾನೇ ಬೇರೆ ಏನನ್ನೋ ಹಾಕಿಬಿಡುತ್ತದೆ. ಮನುಷ್ಯ ಯೋಚಿಸುವ ಹೊತ್ತು ಯಂತ್ರಕ್ಕೆ ಕೆಟ್ಟುಹೋದ ಹೊತ್ತು! ಇದನ್ನೇ ಇನ್ನೊಂದು ಸ್ವಗತ ಮಾಡಬಹುದು, ಇರಲಿ.

ರೆಕಾರ್ಡಿಂಗ್ ಮಾಡುತ್ತಿದ್ದ ಗೆಳೆಯ ಒಂದು ದಾರಿ ಹೇಳಿದ. ಕಚೇರಿಯಲ್ಲಿ ಮೊದಲಿಂದಲೂ ಒಂದು ಫ್ಯಾನ್ ತಿರುಗುತ್ತಿರಲಿ, ಮಾತು ನಿಂತಾಗ ಅದೊಂದೇ ಉಳಿಯಲಿ. 1957ರಲ್ಲಿ ಬಿಬಿಸಿ ಸ್ಯಾಮ್ಯುಯೆಲ್ ಬೆಕೆಟ್ ಅವರ ಮೊದಲ ರೇಡಿಯೋ ನಾಟಕ ಪ್ರಸಾರ ಮಾಡಿದಾಗ ಪ್ರಾಣಿಗಳ ಕೂಗನ್ನೆಲ್ಲ ಮನುಷ್ಯರಿಂದಲೇ ಹಾಕಿಸಿದ್ದರು. ಅದು ನೆನಪಾಗಿ, ಫ್ಯಾನನ್ನೂ ಬಾಯಲ್ಲೇ ಮಾಡು ಅಂದೆ. ಅವನು ಮೈಕಿಗೆ ಸ್ವಲ್ಪ ಓರೆಯಾಗಿ ನಿಂತು, ಕೆನ್ನೆ ಉಬ್ಬಿಸಿ, ತುಟಿಗಳ ನಡುವೆ ಸಣ್ಣಗೆ ಗಾಳಿ ಬಿಡುತ್ತಾ, ಎರಡು ಬೆರಳು ತುಟಿಯ ಮುಂದೆ ಆಡಿಸಿದ. ಹೆಡ್‌ಫೋನಿನಲ್ಲಿ ಹಳೇ ಫ್ಯಾನೇ! ಆದರೆ ಅವನಿಗೂ ಉಸಿರು ಬೇಕಲ್ಲ. ಗಳಿಗೆಗೊಮ್ಮೆ ಫ್ಯಾನ್ ನಿಂತು, ಉಸಿರೆಳೆದುಕೊಂಡು, ಮತ್ತೆ ತಿರುಗುತ್ತಿತ್ತು.

ಎಡಿಟಿಂಗ್‌ನಲ್ಲಿ ಆ ಉಸಿರನ್ನು ಕತ್ತರಿಸುತ್ತೇನೆ ಅಂದ. ಬೇಡವೇ ಬೇಡ ಅಂದೆ. ಮೊದಲು ಫ್ಯಾನ್ ಅಂದುಕೊಂಡು ಕೇಳುತ್ತಿದ್ದವರಿಗೆ ಅಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗುವುದೇ ಆ ಉಸಿರಿನಿಂದ. ನಾನು ಪುಟಗಟ್ಟಲೆ ಕೇಳಿದ್ದ ಪ್ರಶ್ನೆಯನ್ನು ಆ ಒಂದು ಉಸಿರು ಕೇಳುತ್ತಿತ್ತು. ಅದಕ್ಕೇ ಯೋಚನೆಯ ಭಾಗದಲ್ಲಿ ಒಂದಿಡೀ ಪುಟ ಹೊಡೆದುಹಾಕಿ, ಮೌನ ಮುಗಿಯುವ ಕಡೆ ಒಂದೇ ಸಾಲು ಸೇರಿಸಿದೆ. ಹೆಸರಿಲ್ಲದವನು ತಲೆ ಎತ್ತಿ ಫ್ಯಾನನ್ನು ಕೇಳುತ್ತಾನೆ: 'ನೀವೂ ಅರ್ಜಿ ಕೊಟ್ಟಿದ್ದೀರಾ?'